ವಡಾ, ಪಾವ್ ಮತ್ತು ಝೀರೋ ಬಲ್ಬು

ರಾತ್ರಿ ಒಂಬತ್ತಾಯಿತೆಂದರೆ ಪವಾಯಿಯ ನಮ್ಮ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಕರ್ಫ್ಯೂ. ಕುಕ್ಕರ್ ಕೂಗಬಾರದು, ಮಿಕ್ಸರ್ ತಿರುಗಬಾರದು, ನಾನು ಸೀನುವುದಿದ್ದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸೀನಬೇಕು. ಇಷ್ಟು ಕಟ್ಟುನಿಟ್ಟು ಯಾರಿಗಾಗಿ ಅಂದರೆ, ತಲಾ ಹನ್ನೆರಡು ಗ್ರಾಂ ತೂಗುವ ಇಬ್ಬರಿಗಾಗಿ. ಇಬ್ಬರನ್ನೂ ಒಟ್ಟಿಗೆ ತೂಗಿದರೂ ನಮ್ಮವ್ವನ ಎಲೆ ಅಡಿಕೆ ಚೀಲದಷ್ಟು ಭಾರವಿಲ್ಲ.

ಜೀಬ್ರಾ ಫಿಂಚ್ ಜೋಡಿ ಅದು. ಪುಣೆಗೆ ವರ್ಗವಾದ ನೆರೆಯವರು "ಎರಡೇ ವಾರ ನೋಡ್ಕೊಳ್ಳಿ" ಎಂದು ಪಂಜರ ಸಮೇತ ಕೊಟ್ಟುಹೋದರು. ಆಮೇಲೆ ಅವರ ಫೋನ್ ಬಂದದ್ದು ದೀಪಾವಳಿಯ ಶುಭಾಶಯಕ್ಕೆ ಮಾತ್ರ. ಮಗಳು ಅವುಗಳಿಗೆ ವಡಾ, ಪಾವ್ ಎಂದು ಹೆಸರಿಟ್ಟಳು. ಕಿತ್ತಳೆ ಕೆನ್ನೆಯ ಗಂಡು ವಡಾ, ಕೆನ್ನೆಗೇನೂ ಬಳಿದುಕೊಳ್ಳದ ಹೆಣ್ಣು ಪಾವ್. ಧಾರವಾಡದಿಂದ ಬಂದಿಳಿದ ಅವ್ವ ಅವರನ್ನು ವಡೆಪ್ಪ, ಪಾವವ್ವ ಮಾಡಿ ಒಂದೇ ದಿನದಲ್ಲಿ ನಮ್ಮ ಮನೆತನಕ್ಕೆ ಸೇರಿಸಿಕೊಂಡಳು.

"ಏ ತಮ್ಮಾ, ಇವು ನಮ್ಮ ಹೊಲದಾಗಿನ ರಾಟವಾಳ ಅಲ್ಲೇನೋ?" ಎಂದಳು. ಅಲ್ಲವ್ವಾ, ರಾಟವಾಳದ ಕುಲದವೇ, ಆದರೆ ಆಸ್ಟ್ರೇಲಿಯಾದ ದಾಯಾದಿಗಳು ಎಂದೆ. ನಮ್ಮ ಕಾಡು ಹೊಲದ ರಾಟವಾಳವನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇವು ಪರದೇಶದವು, ಪಂಜರದಲ್ಲೇ ಹುಟ್ಟಿ ಬೆಳೆದವು, ಆದ್ದರಿಂದ ಸಾಕಬಹುದು. ಅವ್ವ ಅರೆಗಳಿಗೆ ಯೋಚಿಸಿ, "ಅಂದ್ರ ಊರು ಬಿಟ್ಟು ಬಂದವರಿಗೆ ಪಂಜರ, ಊರಾಗಿದ್ದವರಿಗೆ ಬಯಲು" ಎಂದು ನಮ್ಮ ಎರಡು ಬೆಡ್‌ರೂಮಿನ ಮನೆಯನ್ನು ಸುತ್ತ ನೋಡಿದಳು.

ಅವುಗಳ ಮೇವು ನವಣೆ. ಹಕ್ಕಿ ಅಂಗಡಿಯಲ್ಲಿ ಅದರ ಹೆಸರು ಕಾಂಗಣಿ, ಅಗ್ಗ. ಸಿರಿಧಾನ್ಯ ಎಂಬ ಚೀಟಿ ಅಂಟಿಸಿಕೊಂಡು ಕೆಳಗಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೂತರೆ ಅದಕ್ಕೆ ಬೇರೆಯೇ ದರ. ಅದನ್ನು ತಂದು ಅನ್ನ ಮಾಡಿ ತಿನ್ನುವವರು ನಾವು.

ತೊಂದರೆಯಿದ್ದದ್ದು ರಾತ್ರಿಯಲ್ಲಿ. ಪಂಜರಕ್ಕೆ ನಾಲ್ಕೂ ಕಡೆ ದಪ್ಪ ಚಾದರ ಹೊದಿಸಿ ಟಪ್ಪನೆ ಲೈಟ್ ಆರಿಸುತ್ತಿದ್ದೆವು. ಎರಡನೇ ರಾತ್ರಿ ಮೂರು ಗಂಟೆಗೆ ಒಳಗೆ ಪಟಪಟ, ಧಡಧಡ. ಕಳ್ಳ ಬಂದನೆಂದು ನಾನು ಲಟ್ಟಣಿಗೆ ಹಿಡಿದು ಓಡಿದೆ. ನೋಡಿದರೆ ವಡಾ, ಪಾವ್ ಕತ್ತಲಲ್ಲಿ ಸಲಾಕೆಗಳಿಗೆ ತಲೆ ಬಡಿದುಕೊಂಡು ಹಾರುತ್ತಿದ್ದವು. ಕಾರಣ, ಪಂಜರದ ಮೇಲೆ ಹತ್ತಿದ್ದ ಒಂದು ಹಲ್ಲಿ.

"ಕತ್ತಲಾಗ ಅವಕ್ಕ ಏನೂ ಕಾಣಸೂದಿಲ್ಲೋ. ಕೂತ ಕೋಲು ಎಲ್ಲೈತಿ ಅನ್ನೂದೂ ತಿಳಿಯೂದಿಲ್ಲ. ಒಂದು ಝೀರೋ ಬಲ್ಬ್ ಹಾಕು. ನೀ ಸಣ್ಣಾಂವ ಇದ್ದಾಗ ನಿನಗೂ ಹಾಕ್ತಿದ್ದೆ, ಹತ್ತನೇತ್ತಾ ಮುಗಿಯೂತನಕಾ" ಎಂದಳು ಅವ್ವ. ಕೊನೆಯ ಮಾತು ಬೇಕಿರಲಿಲ್ಲ. ಹೆಂಡತಿ ಅದನ್ನು ಇವತ್ತಿಗೂ ಮರೆತಿಲ್ಲ.

ಆದರೆ ಮದ್ದು ಅದೇ. ಈಗ ಪಂಜರ ಕಿಟಕಿ ಬಿಟ್ಟು ಗೋಡೆಗೆ ಒರಗಿದೆ. ಕೆರೆಯ ಕಡೆಯ ಬಾವಲಿಗಳ ನೆರಳು ಅಲ್ಲಿಗೆ ಬೀಳುವುದಿಲ್ಲ. ಮೂರು ಬದಿಗೆ ತೆಳು ಬಟ್ಟೆ, ಗಾಳಿಗೆ ಒಂದು ಬದಿ ತೆರವು. ಹಾರುವ ದಾರಿಗೆ ಅಡ್ಡವಾಗಿದ್ದ ಉಯ್ಯಾಲೆ ರಾತ್ರಿ ಹೊರಗೆ. ಮೊದಲು ದೊಡ್ಡ ಲೈಟ್, ಹತ್ತು ನಿಮಿಷಕ್ಕೆ ಸಣ್ಣದು, ಆಮೇಲೆ ಝೀರೋ. ಅವು ಕೋಲು ಹುಡುಕಿಕೊಂಡು ಮೈಗೆ ಮೈ ಅಂಟಿಸಿ ಕೂರುವವರೆಗೆ ನಾವು ಸೂರ್ಯಾಸ್ತವನ್ನು ಕೈಯಾರೆ ಮಾಡಿಕೊಡಬೇಕು.

ಹೊಗೆಗೂ ನಿಷೇಧ. ಹಕ್ಕಿಯ ಉಸಿರಾಟ ಗಾಳಿಯನ್ನು ನಮ್ಮದಕ್ಕಿಂತ ಚೆನ್ನಾಗಿ ಹೀರುತ್ತದೆ, ಗಾಳಿಯಲ್ಲಿನ ವಿಷವನ್ನೂ ಅಷ್ಟೇ ಚೆನ್ನಾಗಿ. ಸೊಳ್ಳೆಬತ್ತಿ ಹೋಯಿತು, ಕೆರೆ ಪಕ್ಕದ ಸೊಳ್ಳೆಗಳು ನನ್ನ ಪಾಲಿಗೆ ಉಳಿದವು. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದರೆ ಏಳುವ ಹೊಗೆ ಹಕ್ಕಿಯನ್ನು ಕೊಲ್ಲಬಲ್ಲದು ಎಂದು ಮಗಳು ಓದಿ ಹೇಳಿದ ದಿನ ಅವ್ವನ ಮುಖ ನೋಡಬೇಕಿತ್ತು. ಹನ್ನೊಂದು ವರ್ಷದಿಂದ ಆಕೆ ಕಬ್ಬಿಣದ ಹಂಚಿನ ಪರ ವಾದಿಸುತ್ತಿದ್ದಳು. ಸೊಸೆ ಸೋತದ್ದು ಅತ್ತೆಗಲ್ಲ, ಹನ್ನೆರಡು ಗ್ರಾಂ ಪಾವವ್ವನಿಗೆ.

ಮಗಳ ಇನ್ನೊಂದು ಸಂಶೋಧನೆ: ಗಂಡು ಜೀಬ್ರಾ ಫಿಂಚ್ ಹಾಡುವಾಗ ಮಿದುಳಿನ ನರಕೋಶಗಳು ಮಿಡಿಯುವ ಅದೇ ಲಯ ಅದರ ನಿದ್ದೆಯಲ್ಲೂ ಮರುಕಳಿಸುತ್ತದೆಂದು ಶಿಕಾಗೋದ ವಿಜ್ಞಾನಿಗಳು 2000ರಲ್ಲಿ ಕಂಡುಕೊಂಡರಂತೆ. "ನಿದ್ದಿಯೊಳಗ ರಿಯಾಜ್!" ಎಂದು ಅವ್ವ ಗಲ್ಲಕ್ಕೆ ಕೈಯಿಟ್ಟಳು. "ನೀ ಎಚ್ಚರಿದ್ದಾಗೂ ಮಾಡಲಿಲ್ಲ." ಎರಡು ವರ್ಷದ ನನ್ನ ಹಾರ್ಮೋನಿಯಂ ಕ್ಲಾಸಿನ ಫೀಸು ಆಕೆಗೆ ಪೈಸೆ ಸಮೇತ ನೆನಪಿದೆ. ಹೆಣ್ಣು ಹಕ್ಕಿ ಹಾಡುವುದಿಲ್ಲವೆಂದು ಮಗಳು ಮುಂದುವರಿಸಿದಾಗ ಅಡುಗೆಮನೆಯಿಂದ ದನಿ ಬಂತು: "ಅದಕ್ಕ ಕೆಲಸ ಇರ್ತಾವ."

ಹೀಗೆ ಎಲ್ಲ ಒಂದು ಹದಕ್ಕೆ ಬಂದಿತ್ತು, 2024ರ ಜೂನ್ 29ರ ರಾತ್ರಿಯವರೆಗೆ. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಟಿವಿ ಮೂಕವಾಗಿತ್ತು, ಝೀರೋ ಬಲ್ಬು ಉರಿಯುತ್ತಿತ್ತು, ನಾನು ಬಾಯಿಗೆ ತಲೆದಿಂಬು ಒತ್ತಿಕೊಂಡು ನೋಡುತ್ತಿದ್ದೆ. ಕೊನೆಯ ಓವರ್. ಮಿಲ್ಲರ್ ಎತ್ತಿದ ಚೆಂಡನ್ನು ಸೂರ್ಯಕುಮಾರ್ ಗೆರೆಯ ಅಂಚಿನಲ್ಲಿ ಹಿಡಿದು, ಮೇಲೆ ಚಿಮ್ಮಿಸಿ, ಆಚೆ ಕಾಲಿಟ್ಟು, ಒಳಗೆ ಬಂದು ಮತ್ತೆ ಹಿಡಿದ. ತಲೆದಿಂಬು ಎಲ್ಲಿ ಬಿತ್ತೋ. ನಾನು ಕಿರುಚಿದೆ.

ಪಟಪಟ, ಧಡಧಡ.

"ಕೈ ಹಾಕಬ್ಯಾಡ!" ಎಂದಳು ಅವ್ವ. ಗಾಬರಿಬಿದ್ದ ಹಕ್ಕಿಗೆ ಹಿಡಿಯಲು ಬಂದ ಕೈ ಮತ್ತೊಂದು ಬೆಕ್ಕು. ಟಿವಿ ಆರಿಸಿದಳು, ಸಣ್ಣ ಲೈಟ್ ಹಚ್ಚಿದಳು, ಪಂಜರದ ಮುಂದೆ ಕುರ್ಚಿ ಎಳೆದುಕೊಂಡು ಏರಿಳಿತವಿಲ್ಲದ ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು. ಹಕ್ಕಿಗೆ ಬೇಕಾದದ್ದು ದನಿ, ವಿಷಯವಲ್ಲ; ಅವ್ವ ಆರಿಸಿಕೊಂಡ ವಿಷಯ ನಮ್ಮ ಕಾಕಾನ ಹೊಲದ ಬದುವಿನ ವ್ಯಾಜ್ಯ. ಪಾವ್ ಮೊದಲು ಕೋಲಿಗೆ ಮರಳಿತು. ತಳದಲ್ಲಿ ಒಂದು ಪುಕ್ಕ ಬಿದ್ದಿತ್ತು, ರಕ್ತವಿರಲಿಲ್ಲ. ವಡಾ ಪಕ್ಕಕ್ಕೆ ಸರಿದು ಕೂತ.

ಏಳು ರನ್ನಿನಿಂದ ಇಂಡಿಯಾ ಗೆದ್ದದ್ದು ನನಗೆ ತಿಳಿದದ್ದು ಮೇಲಿನ ಮನೆಯವರ ಕುಣಿತದಿಂದ. ಕೆರೆಯ ಆಚೆ ದಂಡೆಯಲ್ಲಿ ಪಟಾಕಿ ಶುರುವಾಯಿತು. ಅವ್ವ ದನಿ ಬದಲಿಸಲಿಲ್ಲ. ಸರ್ವೇಯರ್ ಎರಡನೇ ಸಲ ಬಂದಿದ್ದ, ಕಾಕಾ ಅವನಿಗೆ ಚಹಾ ಕೊಟ್ಟಿದ್ದ, ನನಗೆ ತೂಕಡಿಕೆ ಹತ್ತಿತ್ತು.