ಹಗಲುಗಳ್ಳನಿಗೆ ರಾತ್ರಿ ಕಾವಲು

ರಾತ್ರಿಯಿಡೀ ಟಾರ್ಚ್ ಹಿಡಿದು ಕೋಳಿಗೂಡು ಕಾದೆ. ಮುಂಗುಸಿ ಹಗಲುಗಳ್ಳ ಎಂದು ತಿಳಿದದ್ದು ಮರುದಿನ, ಉಂಡು ಗೊರಕೆ ಹೊಡೆಯುತ್ತಿದ್ದಾಗ. ಬಾಗಿಲಿಗೆ ಜಡಿದಿದ್ದ ಬೀಗ ಹಾಗೇ ಇತ್ತು. ಮಹಾಶಯ ಜಾಲರಿಯ ಬುಡದಲ್ಲಿ ಮಣ್ಣು ಕೆರೆದು ಬಂದಿದ್ದ. (ಜಾಲರಿಯನ್ನು ಒಂದಡಿ ನೆಲದೊಳಗೆ ಹೂಳಬೇಕಂತೆ. ಊರಿಗೆಲ್ಲ ಗೊತ್ತಿತ್ತು, ನನ್ನ ಹೊರತು.) ಎರಡು ಹೋದವು. ಒಂದು ಹೇಂಟೆ ಮಾತ್ರ ರೆಕ್ಕೆಯಡಿ ಗಾಯ ಮಾಡಿಕೊಂಡು ಉಳಿಯಿತು. ರಕ್ತ ಕಂಡರೆ ಜೊತೆಗಾತಿಯರೇ ಕುಕ್ಕುತ್ತಾರೆಂದು ಅದನ್ನು ಒಳಗೆ ತಂದು, ಉಪ್ಪುನೀರಲ್ಲಿ ತೊಳೆದು, ಅರಿಶಿನ ಹಚ್ಚಿ, ಬುಟ್ಟಿ ಕವುಚಿ ಗೋಣಿ ಹೊದಿಸಿದೆವು. ನನಗೆ ಜ್ವರ ಬಂದಾಗ ಗಂಜಿಗೂ ಗೊಣಗಿದ್ದ ಹೆಂಡತಿ ಅದಕ್ಕೆ ಬೆಲ್ಲದ ನೀರನ್ನು ಹನಿಹನಿಯಾಗಿ ಕುಡಿಸಿದಳು. ನಾಲ್ಕನೇ ದಿನ ಯೋಗಕ್ಷೇಮ ವಿಚಾರಿಸಲು ಬುಟ್ಟಿ ಎತ್ತಿದೆ. ಹೆಬ್ಬೆರಳಿಗೇ ಕುಕ್ಕಿತು. ಮಿಕ್ಕ ಅರಿಶಿನ ನನಗಾಯಿತು.