ಗೇರಪ್ಪನ ಗುಡ್ಡ ಸವಾರಿ

ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ ಪಕ್ಕದ ತುರಹಳ್ಳಿ ಕಾಡಿನ ಹತ್ತಿರ ನಿಂತರೆ ಗೇರಪ್ಪ ಕಣ್ಣಿಗೆ ಬೀಳದೆ ಇರುವುದಿಲ್ಲ. ಮನೆಯವರು ಇಟ್ಟ ಹೆಸರು ಬೇರೆ. ಸವಾರಿಗಿಂತ ಸಾಮಾನನ್ನೇ ಹೆಚ್ಚು ಪ್ರೀತಿಸುವ ಸಾಫ್ಟ್‌ವೇರ್ ಸೈಕಲ್ ಶೂರರಿಗೆಲ್ಲ ಗೇರಪ್ಪ ಎಂಬ ಹೆಸರು ಒಪ್ಪುತ್ತದೆ. ಮೊಣಕಾಲಿಗೆ ಪ್ಯಾಡು, ಮೊಣಕೈಗೆ ಪ್ಯಾಡು, ಬೆನ್ನಿಗೆ ನೀರಿನ ಚೀಲ, ಹೆಲ್ಮೆಟ್ಟಿನ ನೆತ್ತಿಯಲ್ಲಿ ಕ್ಯಾಮೆರಾ. ಕಾರಿನ ಹಿಂದೆ ಕಟ್ಟಿ ತಂದ ಮೌಂಟನ್ ಬೈಕನ್ನು ಇಳಿಸಲು ಅರ್ಧ ಗಂಟೆ, ಅದರ ಫೋಟೊಗೆ ಇನ್ನರ್ಧ ಗಂಟೆ.

“ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡೂ ಇಲ್ಲ. ಕಮ್ಮೀಲಿ ಸಿಕ್ಕಿರಬೇಕು, ಅಲ್ವೇ ಅಳಿಯಂದ್ರೇ?” ಎಂದು ಮಾವನವರು ಕೇಳಿದ್ದರು. ನಿಜವಾದ ಬೆಲೆ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಗೆ ಅರ್ಧ ಗೊತ್ತು.

ಮೌಂಟನ್ ಬೈಕಿನ ಚರಿತ್ರೆಯನ್ನಂತೂ ಗೇರಪ್ಪ ಗಿಳಿಪಾಠ ಒಪ್ಪಿಸುತ್ತಾನೆ. ಕ್ಯಾಲಿಫೋರ್ನಿಯಾದ ಮೌಂಟ್ ಟಮಾಲ್‌ಪೈಸ್ ಬಳಿ 1976ರಲ್ಲಿ ಶುರುವಾದ ರೀಪ್ಯಾಕ್ ರೇಸು, ಅದರಲ್ಲಿ ಇಳಿದ ಗ್ಯಾರಿ ಫಿಶರ್, ಜೋ ಬ್ರೀಜ್, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಆಟ ಕಾಲಿಟ್ಟದ್ದು, ಎಲ್ಲ. ಆ ಮಹನೀಯರು ಇಳಿದದ್ದು ದಪ್ಪ ಟೈರಿನ ಹಳೇ ಸೈಕಲ್ಲುಗಳಲ್ಲಿ, ಸಸ್ಪೆನ್ಷನ್ ಇಲ್ಲದೆ, ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕಿನಲ್ಲಿ. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ, ಹೊಸದಾಗಿ ತುಂಬಬೇಕಾಗುತ್ತಿತ್ತು. ರೇಸಿಗೆ ರೀಪ್ಯಾಕ್ ಎಂಬ ಹೆಸರು ಬಂದದ್ದೇ ಅದರಿಂದ. ಕಥೆಯ ಈ ಭಾಗ ಬಂದಾಗ ಗೇರಪ್ಪ ತನ್ನ ಡಿಸ್ಕ್ ಬ್ರೇಕನ್ನು ಒರೆಸುತ್ತಿರುತ್ತಾನೆ.

ಕಷ್ಟ ಶುರುವಾಗುವುದು ಇಳಿಜಾರಿನಲ್ಲಿ. ಅಲ್ಲಿ ಸೀಟು ಬಿಟ್ಟು ಏಳಬೇಕು, ಎರಡೂ ಪೆಡಲು ಒಂದೇ ಮಟ್ಟದಲ್ಲಿರಬೇಕು, ಹಿಮ್ಮಡಿ ಕೆಳಗಿಳಿಯಬೇಕು, ಮೊಣಕೈ ಅಗಲವಾಗಬೇಕು, ಸೊಂಟ ಹಿಂದಕ್ಕೆ ಸರಿಯಬೇಕು. ದಿನಕ್ಕೆ ಹತ್ತು ತಾಸು ಕುರ್ಚಿಯಲ್ಲಿ ಬೆಳೆದ ದೇಹ ಅದು; ಸೀಟು ಬಿಡೆಂದರೆ ಒಪ್ಪೀತೇ? ಕೂತೇ ಇಳಿಯುತ್ತಾನೆ. ಪ್ರತಿ ಕಲ್ಲೂ ನೇರ ಬೆನ್ನುಮೂಳೆಗೆ ವರದಿ ಒಪ್ಪಿಸುತ್ತದೆ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಬಂದಿರುವುದು ಬೇರೆ. ಗುಡ್ಡದಲ್ಲಿ ಪಳಗಿದವರು 25–30 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತಾರೆ. ಟೈರು ಮೆತ್ತಗಿದ್ದಷ್ಟೂ ನೆಲ ಹಿಡಿಯುತ್ತದೆ.

ಮುಂದಿನ ಬ್ರೇಕೆಂದರೆ ಅವನಿಗೆ ಜೀವಭಯ. ಬಾಲ್ಯದಲ್ಲಿ ಯಾರೋ ಹೇಳಿದ್ದರು, ಹಿಡಿದರೆ ಪಲ್ಟಿ ಎಂದು. ಸೈಕಲ್ಲನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಅಲ್ಲೇ. ಸೊಂಟ ಹಿಂದಿಟ್ಟು, ಒಂದೇ ಬೆರಳಲ್ಲಿ, ತಿರುವು ಬರುವ ಮೊದಲೇ ಮೆಲ್ಲಗೆ ಒತ್ತಿದರೆ ಪಲ್ಟಿ ಏಕಾದೀತು? ಗೇರಪ್ಪ ಹಿಂದಿನದನ್ನೇ ನಾಲ್ಕು ಬೆರಳಲ್ಲಿ ಬಿಗಿಯುತ್ತಾನೆ. ಚಕ್ರ ಜಾರುತ್ತದೆ, ಕೆಂಧೂಳು ಏಳುತ್ತದೆ, ವಿಡಿಯೊ ಮಾತ್ರ ಅದ್ಭುತವಾಗಿ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನೀಲಗಿರಿ ಮರ. ಗುಡ್ಡದ ಹಾದಿಯಲ್ಲಿ ಕಣ್ಣು ಹೋದ ಕಡೆಗೇ ಸೈಕಲ್ಲೂ ಹೋಗುತ್ತದೆ. ಆದ್ದರಿಂದ ನಾಲ್ಕಾರು ಮಾರು ಮುಂದಿನ ದಾರಿ ನೋಡಬೇಕು. ಗೇರಪ್ಪ “ಮರ, ಮರ” ಎನ್ನುತ್ತ ಅದನ್ನೇ ದಿಟ್ಟಿಸುತ್ತಾನೆ. ವಾಲ್ಮೀಕಿಗೆ ಆ ಜಪದಿಂದ ರಾಮ ಸಿಕ್ಕಿದ. ಇವನಿಗೆ ಸಿಗುವುದು ಮರವೇ. ಎದ್ದು ಧೂಳು ಕೊಡವಿಕೊಂಡು, “ಫೋರ್ಕ್ ಸೆಟ್ಟಿಂಗ್ ಸರಿಯಿಲ್ಲ ಗುರು” ಎನ್ನುತ್ತಾನೆ. ಮುಂದಿನ ವಾರ ಹೊಸ ಫೋರ್ಕು.

ಗದಗ, ವಿಜಯಪುರದ ಕ್ರೀಡಾ ಹಾಸ್ಟೆಲ್ಲುಗಳಲ್ಲಿ ಸೈಕ್ಲಿಂಗ್ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಗೇರಪ್ಪನ ಫೋರ್ಕಿನ ಬೆಲೆ ಕೇಳಿದರೆ ಅವರು ನಕ್ಕಾರು.

ಹೊಸದಾಗಿ ಕಲಿಯುವವರಿಗೆ ಖರ್ಚಿಲ್ಲದ ದಾರಿಯೊಂದಿದೆ: ಗಣೇಶನ ಹಬ್ಬದ ಸ್ಲೋ ಸೈಕಲ್ ರೇಸು. ಕಾಲು ನೆಲಕ್ಕೆ ತಾಗಿಸದೆ ಕೊನೆಯವರಾಗಿ ಗುರಿ ಮುಟ್ಟಬಲ್ಲವರಿಗೆ ಗುಡ್ಡದ ಅರ್ಧ ವಿದ್ಯೆ ಬಂದಂತೆಯೇ. ಹೆಲ್ಮೆಟ್ಟೊಂದನ್ನು ಮಾತ್ರ ಮರೆಯಬೇಡಿ. ತುರಹಳ್ಳಿಯಲ್ಲಿ ಗೇರಪ್ಪ ಮುಂದೆ ಹೋಗುತ್ತಿದ್ದರೆ ಸಾಕಷ್ಟು ಹಿಂದೆಯೇ ಉಳಿಯಿರಿ. ಆತ ತಿರುವಿನ ನಟ್ಟನಡುವೆ ಬ್ರೇಕ್ ಹಾಕುತ್ತಾನೆ.