ಕೆಂಚನ ಪಟ್ಟೆ

(ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲು ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಹುಲಿಪಟ್ಟೆ ಬರೆದದ್ದು 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಬಳಸಿದ್ದು ತಲೆಗೂದಲ ಡೈ. ಅದನ್ನೋದಿದ ಇನ್ನೊಬ್ಬ ಗೌಡರ ಅಂಗಳಕ್ಕೆ ಈಗ ವಿದ್ವಾಂಸರು ಬಂದಿದ್ದಾರೆ ಎಂದುಕೊಳ್ಳಿ.)

ವಿದ್ವಾಂಸ: ಗೌಡ್ರೇ, ನಮ್ಮದು ‘ಮಾನವ-ಮರ್ಕಟ ಸಂಘರ್ಷದ ಬಹುಆಯಾಮಿ ಪರಿಕಲ್ಪನಾ ಚೌಕಟ್ಟು’. ಮೂರು ವರ್ಷದ ಯೋಜನೆ.

ಗೌಡ: ಅದ್ರಲ್ಲಿ ಅಡಿಕೆ ಉಳೀತದಾ?

ವಿದ್ವಾಂಸ: ಅದು ಎರಡನೇ ಹಂತ. ಮೊದಲು ಸಾಹಿತ್ಯ ಸಮೀಕ್ಷೆ.

ಗೌಡ: ಅಷ್ಟೊತ್ತಿಗೆ ಮಂಗ ಎಳೆಅಡಿಕೆ ಚೀಪಿ ಉಗಿದು, ಬಾಳೆಗೊನೆ ಮುಗಿಸಿ, ಹೆಂಚೂ ಸರಿಸಿರ್ತದೆ ಮಾರಾಯ್ರೇ. ನಾನು ನಮ್ಮ ಕೆಂಚನಿಗೆ ಪಟ್ಟೆ ಬರ್ದೆ. ಮನೆಯವಳ ಡೈ.

ಗೌಡತಿ (ಒಳಗಿನಿಂದ): ಮದುವೆಗೆ ಹೋಗ್ಲಿಕ್ಕೆ ಅಂತ ತಂದಿಟ್ಟದ್ದು!

ವಿದ್ವಾಂಸ: ಪಟ್ಟೆಯ ಅಗಲಕ್ಕೆ ಮಾನದಂಡ?

ಗೌಡ: ಹಳೇ ಹಲ್ಲುಜ್ಜೋ ಬ್ರಷ್ಷು.

ವಿದ್ವಾಂಸ: ಹೋಲಿಕೆಗೆ ಪಟ್ಟೆಯಿಲ್ಲದ ನಾಯಿ ಇಟ್ಟಿದ್ದಿರಾ?

ಗೌಡ: ಪಕ್ಕದ ತೋಟದವ್ರ ಹತ್ರ ಉಂಟು. ಮಂಗ ಈಗ ಪೂರ್ತಿ ಅಲ್ಲೇ.

(ವಿದ್ವಾಂಸರ ಹೋಲಿಕೆಯ ಪ್ರಶ್ನೆಯೊಂದು ಮಾತ್ರ ನ್ಯಾಯವಾದದ್ದೇ. ಮಂಗ ಎಲ್ಲಿಗೆ ಹೋಯಿತೆಂದು ಗೌಡರೇನೂ ತಲೆ ಕೆಡಿಸಿಕೊಂಡವರಲ್ಲ.)

ವಿದ್ವಾಂಸ: ಇದು ಹುಲಿಯಲ್ಲ ಅಂತ ಮಂಗನ ಅರಿವಿಗೆ ಬಂದರೆ?

ಗೌಡ: ಬೊಗಳಿದ್ರೆ ಗೊತ್ತಾಗ್ತದೆ. ಅದಕ್ಕೇ ಬೊಗಳೋ ಹೊತ್ತಿಗೆ ರೊಟ್ಟಿ ಹಾಕ್ತೀನಿ.

ವಿದ್ವಾಂಸ (ಬರೆದುಕೊಳ್ಳುತ್ತ): ‘ಆಹಾರಾಧಾರಿತ ಧ್ವನಿ ನಿರ್ವಹಣೆ’... ಪ್ರಬಂಧ ಅಚ್ಚಾದಾಗ ಕೃತಜ್ಞತೆಯಲ್ಲಿ ನಿಮ್ಮ ಹೆಸರು ಖಂಡಿತ ಹಾಕ್ತೀವಿ.

ಗೌಡತಿ: ಹೆಸರು ಹಾಗಿರಲಿ, ಡೈ ಪ್ಯಾಕೆಟ್ಟಿನ ದುಡ್ಡು ಯೋಜನೇಲಿ ಬರ್ತದಾ ಕೇಳಿ.

ವಿದ್ವಾಂಸ: ಮೂರು ಕೊಟೇಶನ್ ಬೇಕಾಗುತ್ತೆ ಅಮ್ಮಾ.